ಹನಿ ಲೆಕ್ಕ

ಕಾವೇರಿ ನೀರಿಗೆ ಉಪ್ಪು ಬೆರೆಸಿ ಮಾಡಿದ ನನ್ನ ಕಡಲಿಗೆ
ಶಿವರಾಂಪೇಟೆಯ ಯೂನುಸ್ ಮೂರು ಡಬ್ಬಿ ತೆಗೆದಿಟ್ಟ.
ಪಟ್ಟಿ ಅಗ್ಗ, ಸುಳ್ಳು ಹೇಳುತ್ತೆ.
ಮೀಟರು ನಿಜ ಹೇಳುತ್ತೆ, ಅರ್ಧ ತಿಂಗಳ ಬಾಡಿಗೆ ಕೇಳುತ್ತೆ.
ಉಳಿದದ್ದು ಹನಿ ಬಿಡುವ ಕಿಟ್ಟು:
ನೀಲಿ ಗುಲಾಬಿಯಾಗುವ ತನಕ ಎಣಿಸಬೇಕು.

ನನಗೆ ಗುಲಾಬಿ ಕಾಣದು, ಎಂದೆ.
ಹುಟ್ಟಿನಿಂದ ಅದು ಬೂದಿ.

ನೋಡೋರನ್ನ ಹುಡುಕ್ಕೊಳ್ಳಿ, ಎಂದು ಚೀಟಿ ಹರಿದ.

ಈಗ ಭಾನುವಾರ ಮೇಲಿನ ಮನೆಯ ಚೆಲುವಾಜಮ್ಮ ಇಳಿದು ಬರುತ್ತಾರೆ,
ರೇಷ್ಮೆ ಕಾರ್ಖಾನೆಯ ಬಣ್ಣದ ತೊಟ್ಟಿಯೆದುರು
ಮೂವತ್ತು ವರ್ಷ ನಿಂತವರು.
ಸಮುದ್ರ ಕಂಡಿಲ್ಲ.
ಸೀಸೆಯನ್ನು ಕಿಟಕಿಗೆ ಹಿಡಿದು
ನನ್ನ ಏಳು, ಎಂಟಕ್ಕೆ
ಇನ್ನೂ ಇಲ್ಲ, ಇನ್ನೂ ಇಲ್ಲ...
ಹಾಂ, ಈರುಳ್ಳಿ ಸಿಪ್ಪೆ ಬಂತು, ನಿಲ್ಸಪ್ಪ!

ಒಂಬತ್ತು, ಬರೆದುಕೊಳ್ಳುತ್ತೇನೆ.
ಗಾಜಿನಾಚೆ ಹವಳ ಅರಳಿ ನಿಂತಿದೆ.
ಅದರ ಬಣ್ಣ ಯಾವುದೆಂದು
ಅವರನ್ನು ನಾನಿನ್ನೂ ಕೇಳಿಲ್ಲ.