ಹೊಗೆಸೊಪ್ಪಿನ ನೀರು

ಬಿಜೈಯ ಈ ಮೂರನೇ ಮಹಡಿಯಲ್ಲಿ
ದಾಸವಾಳದ ಎಲೆಕಂಕುಳಿಗೆ
ಯಾರೋ ಪುಂಡಿಯ ಹಿಟ್ಟು ಉದುರಿಸಿದ ಹಾಗೆ ಬಿಳಿ.
ಊದಿದೆ, ಹಾರಲಿಲ್ಲ.
ಉಗುರಲ್ಲಿ ಕೆರೆದೆ, ಹಳದಿ ರಸ.
ಹಿಟ್ಟಿಗೆ ಕಾಲಿದೆ ಅಂತ ಆಮೇಲೆ ಗೊತ್ತಾಯಿತು.

ನಾನು ಹಂಪನಕಟ್ಟೆಯ ಮೆಡಿಕಲ್ಲಿನಲ್ಲಿ
ಕೌಂಟರಿಗೆ ನಿಲ್ಲುವವಳು.
ಎಲ್ಲದಕ್ಕೂ ಒಂದು ಶೀಶೆ ಇದ್ದೇ ಇದೆ ಎಂದು ನಂಬಿದವಳು.
ಸ್ಟಾಫ್ ರೇಟಿಗೆ ಸ್ಪಿರಿಟ್ ತಂದು
ಕಿವಿಗೆ ಹಾಕುವ ಹತ್ತಿಕಡ್ಡಿ ಅದ್ದಿ
ಊಟದ ಮೇಲೆ ಒಂದೊಂದೇ ಒರೆಸಿದೆ.
ನೂರ ಹದಿನೆಂಟು ಎಣಿಸಿ ಮಲಗಿದೆ.
ಬೆಳಿಗ್ಗೆ ನೋಡಿದರೆ ಹೊಸ ಒಕ್ಕಲು.

ಬೇವಿನೆಣ್ಣೆ ಹೊಡಿ, ಅಂದರು ಎದುರು ಮನೆಯ ಫೆಲ್ಸಿ ಬಾಯಿ.
ಕುಂಡವನ್ನೇ ಬಿಸಾಡಿ ಅಕ್ಕ, ನಾಳೆ ಕಸದ ಗಾಡಿ ಬರ್ತದೆ,
ಅಂದ ವಾಚ್‌ಮನ್ ಮೋನಪ್ಪ.
ಅಮ್ಮ ಹುಳ ನೋಡಲಿಲ್ಲ, ಇರುವೆ ನೋಡಿದಳು.
'ಇವು ಸಾಕುವವರು. ಸಿಹಿ ಸಿಗ್ತದಲ್ಲ ಹುಳದಿಂದ.
ಮೊದಲು ಇವರ ದಾರಿ ಕಟ್ಟು.'
ಕುಂಡವನ್ನು ಇಟ್ಟಿಗೆಯ ಮೇಲೆ, ಇಟ್ಟಿಗೆಯನ್ನು ನೀರಿನ ತಟ್ಟೆಯಲ್ಲಿ
ಇಟ್ಟೆ. ಮರುದಿನ
ಕಿಟಕಿಯ ಸರಳಿಗೆ ತಾಗಿದ ಒಂದೇ ಒಂದು ಎಲೆಯ ಮೇಲೆ
ಸಾಲು ಹಿಡಿದು ದಾಟುತ್ತಿದ್ದವು.
ಅಮ್ಮ ಆ ಎಲೆ ಚಿವುಟಿದಳು.

ಆಮೇಲೆ ಮಂಚದಡಿಯ ಟ್ರಂಕಿನಿಂದ
ಒಂದು ಹಾರ್ಲಿಕ್ಸ್ ಬಾಟ್ಲಿ ತೆಗೆದಳು.
ಹೊಗೆಸೊಪ್ಪಿನ ಪುಡಿ.
ಬೀಡಿ ಬ್ರಾಂಚಿನ ಲೆಕ್ಕ ಮುಗಿಸಿ ಒಂಬತ್ತು ವರ್ಷ.
ಯಾಕೆ ಇಟ್ಟುಕೊಂಡೆ ಅಂದೆ.
'ಇರಲಿ ಅಂತ.'

ರಾತ್ರಿಯಿಡೀ ನೆನೆದ ನೀರು ಕಪ್ಪು ಚಾದ ಬಣ್ಣ.
ಬಟ್ಟೆಯಲ್ಲಿ ಸೋಸುವಾಗ
ವಾಮಂಜೂರಿನ ಚಾವಡಿ ಪೂರ್ತಿ ಮೂಗಿಗೆ ಬಂತು,
ತೊಡೆಯ ಮೇಲೆ ತಡ್ಪೆ, ತಗಡಿನ ಅಳತೆಗೆ ಕತ್ತರಿಸಿದ ಎಲೆ,
ನೂಲು ಸುತ್ತಿ ಸುತ್ತಿ ಗೆರೆ ಬಿದ್ದ ಬೆರಳು.
ನನ್ನ ಮಗ್ಗಿ ಪುಸ್ತಕಕ್ಕೂ ಇದೇ ವಾಸನೆ ಇತ್ತು,
ಪಕ್ಕ ಕೂತ ಸೆವ್ರಿನ್ ಮೂಗು ಮುಚ್ಚಿ ಆಚೆ ಸರಿಯುತ್ತಿದ್ದಳು.
ಈಗ ಅಮ್ಮ ದಾಸವಾಳದ ಎಲೆಯನ್ನು
ಹೆಬ್ಬೆರಳಲ್ಲಿ ಮಗುಚಿದಳು. ಅದೇ ಮಗುಚುವಿಕೆ.
ಅಡಿಗೆ ಹೊಡೆದಳು, ಮತ್ತೆ ಮುಂದಿನದು.

ನಾನು ಫೋನಿನಲ್ಲಿ ಓದಿ ಹೇಳುತ್ತಿದ್ದೆ:
ಹೆಣ್ಣಿಗೆ ರೆಕ್ಕೆ ಇಲ್ಲವಂತೆ,
ಕೂತಲ್ಲೇ ಹೀರುವುದು, ಕೂತಲ್ಲೇ ಹತ್ತಿಯ ಗೂಡು, ಮೊಟ್ಟೆ.
ಗಂಡಿಗೆ ರೆಕ್ಕೆ ಉಂಟು. ಬಾಯಿ ಇಲ್ಲ.
ಎರಡು ಮೂರು ದಿನ ಹಾರಿ ಸಾಯುತ್ತದೆ.
ಹೆಣ್ಣಿನ ವಿಷಯ ಓದುವಾಗ ನನ್ನ ದನಿ ಯಾಕೋ ಸಣ್ಣಗಾಯಿತು.
ಅಮ್ಮ ಅದನ್ನು ಕೇಳಿಸಿಕೊಂಡಂತಿರಲಿಲ್ಲ.
'ಗಂಡಿಗೆ ಬಾಯಿಯೇ ಇಲ್ಲವಾ?'
ಎರಡು ಸಲ ಕೇಳಿದಳು.
ನಕ್ಕಳು ನಕ್ಕಳು, ತಟ್ಟೆಯ ನೀರು ಚೆಲ್ಲುವಷ್ಟು.
ಅಪ್ಪನಿಗೆ ಬಾಯಿ ಇತ್ತು.

ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ.
ನಾನು ಆ ಬಾಟ್ಲಿಯನ್ನು
ಎರಡು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಮೋನಪ್ಪನ ಕೈಗೆ ಕೊಟ್ಟೆ.
ಸಂಜೆ ಅಂಟುವಾಳ ತಂದೆ. ಅಮ್ಮ ಮಾತಾಡಲಿಲ್ಲ.
ಕಾಯಿ ಒಡೆದಳು, ನೆನೆಹಾಕಿದಳು, ನೊರೆ ಎಬ್ಬಿಸಿದಳು.

ಈಗ ದಿನಾ ಬೆಳಿಗ್ಗೆ ಕನ್ನಡಕ ಹಾಕಿ
ಮಣೆ ಎಳೆದುಕೊಂಡು ಕುಂಡದೆದುರು ಕೂರುತ್ತಾಳೆ.
ಮುಗಿದ ಮೇಲೆ ಲೆಕ್ಕ ಒಪ್ಪಿಸುತ್ತಾಳೆ,
ಸಂಜೆ ಬ್ರಾಂಚಿನಲ್ಲಿ ಕಟ್ಟು ಒಪ್ಪಿಸುವಾಗಿನ ದನಿಯಲ್ಲಿ,
ತುಸು ತಗ್ಗಿ:
'ಇವತ್ತು ಏಳು.'
ಬಸ್ಸಿಗೆ ಹೊತ್ತಾಗಿದ್ದರೂ ಒಮ್ಮೆ ಬಗ್ಗಿ ನೋಡುತ್ತೇನೆ.
ಮೊಗ್ಗಿನ ತೊಟ್ಟಿನ ಹಿಂದೆ ಎಂಟನೆಯದು ಇರುತ್ತದೆ.
ಮುರಿದ ಬೀಡಿಗಳನ್ನು ಅವಳ ಮುಂದೆಯೇ
ಬದಿಗೆ ಎಸೆಯುತ್ತಿದ್ದ ಚೆಕ್ಕರನ ಮುಖ
ನನಗೆ ಇನ್ನೂ ನೆನಪಿದೆ.
ಸರಿಯುಂಟು ಅಮ್ಮ, ಅನ್ನುತ್ತೇನೆ,
ಚಪ್ಪಲಿ ಹಾಕುತ್ತೇನೆ.