ಪಾವತಿಯಾಗಿದೆ

ಬೆಳಗ್ಗೆಯಿಂದ ಜುಲೇಖಾ ಬಾಯಿ ಬಿಟ್ಟಿಲ್ಲ.
ರಾತ್ರಿ ಗಂಟಲು ಕೆರೆದಿತ್ತಂತೆ,
ಸಂಜೆ ಆರೂವರೆಯ ತನಕ ಒಂದು ಮಾತೂ ಆಡೆನೆಂದು
ಮಾರದೆ ಉಳಿದ ಟಿಕೆಟ್ಟಿನ ಬೆನ್ನಿಗೆ ಬರೆದು ತೋರಿಸಿದಳು.
ಕೆಳಗೆ ಇನ್ನೊಂದು ಸಾಲು: ದೋಸೆಗೆ ಬೆಣ್ಣೆ ಬೇಡ ಅನ್ನು.

ಅಂದೆ. ಬೆಣ್ಣೆ ಬಂತು.
ನಜರ್‌ಬಾದಿನಲ್ಲಿ ಬೆಣ್ಣೆ ಬೇಡವೆಂದರೆ
ಸಪ್ಲೈಯರಿಗೆ ಕಿವಿ ಕೇಳುವುದಿಲ್ಲ.
ಅವಳು ಬೆರಳಲ್ಲಿ ಎತ್ತಿ ನನ್ನ ಎಲೆಗೆ ದಾಟಿಸಿದಳು.

ಆಂಪು ಇದ್ದದ್ದು ಬನ್ನಿಮಂಟಪದಲ್ಲಿ,
ಡೆನ್ಸಿಲ್‌ನ ಚಿಕ್ಕಮ್ಮನ ಹೊಲಿಗೆ ಮೆಷಿನ್ನಿನ ಪಕ್ಕ,
ಮೇಲೊಂದು ಕ್ರೋಶಾ ಹೊದಿಕೆ, ಅದರ ಮೇಲೆ ಮಾತೆ ಮರಿಯ.
ಮಾತೆಯನ್ನು ಮೆಲ್ಲಗೆ ಫ್ರಿಜ್ಜಿನ ಮೇಲೆ ಕೂರಿಸಿ
'ನಾಳೆ ಹತ್ತಕ್ಕೆಲ್ಲ ವಾಪಸ್ ಬರಬೇಕು' ಎಂದರು ಚಿಕ್ಕಮ್ಮ,
ಆಂಪೋ ನಾವೋ ತಿಳಿಯದ ಹಾಗೆ.

ಗ್ಯಾಸಿನ ಆಟೋದಲ್ಲಿ ನಾಲ್ವರು.
ಖಾಲಿ ಸಿಲಿಂಡರುಗಳು ಗುಂಡಿಗೊಮ್ಮೆ ಠಣ್ ಎಂದರೆ
ನಂಜುಂಡಿ ತೊಡೆಯ ಮೇಲೆ ಎಣಿಸಿದ:
'ಏಳು ಮಾತ್ರೆ ಕಣ್ರೋ, ನೋಡಿ ಬೇಕಾದ್ರೆ, ಏಳು!'
ಹೈವೇ ಸರ್ಕಲ್ಲಿನಲ್ಲಿ ಅದು ಹನ್ನೊಂದಾಯಿತು.

ಚುಚ್ಚಿ ನೋಡಿದರೆ ಆಂಪು ಬರೀ ಗೊಂಯ್.
ಲಷ್ಕರ್ ಮೊಹಲ್ಲಾದಲ್ಲಿ, ಬೆಸುಗೆಯ ಹೊಗೆಯೊಳಗಿಂದ
ಖಲೀಲ್ ಸಾಬರು ಕೇಳಿದರು: ಯಾರ ಮದುವೆ?
ಮದುವೆಯಲ್ಲ ಸಾಬರೇ, ನಾವೇ ಕಟ್ಟಿದ ಹಾಡು,
ಮೂವತ್ತೆಂಟು ಜನ, ನೆಲದ ಮೇಲೆ.
'ಕುಣಿತ?' ಇಲ್ಲ. 'ಊಟ?'
ಇಲ್ಲ.
ಒಂದು ಗಳಿಗೆ ಮರುಕದಿಂದ ನೋಡಿ
ಇಪ್ಪತ್ತು ರೂಪಾಯಿ ಬಿಟ್ಟುಕೊಟ್ಟರು.

ಮಧ್ಯಾಹ್ನ ಮಂಡಿ ಮೊಹಲ್ಲಾದ ಅಗರಬತ್ತಿ ಗೋದಾಮು ಗುಡಿಸಿದೆವು.
ಮುಚ್ಚಿ ಆರು ವರ್ಷ; ಗೋಡೆ ಇನ್ನೂ ಕೆಲಸ ಬಿಟ್ಟಿಲ್ಲ.
ಇದ್ದಿಲು, ಜಿಗಟು, ಮಲ್ಲಿಗೆ ಎಣ್ಣೆ.
ಇಲ್ಲಿ ಮುರಿದ ಪ್ರೇಮದ ಹಾಡು ಕೇಳಿದವರೂ
ಸತ್ಯನಾರಾಯಣ ಪೂಜೆ ಮುಗಿಸಿದ ಹಾಗೆ ಮನೆಗೆ ಹೋಗುತ್ತಾರೆ.
ಛತ್ರದಿಂದ ತಂದ ಜಮಖಾನದಲ್ಲಿ ಯಾರದೋ ಅಕ್ಷತೆ.
ಡೆನ್ಸಿಲ್ ಕೊಡವಿದ, ಅರ್ಧ ಅವನ ತಲೆಗೇ ಬಿತ್ತು.
ಜುಲೇಖಾ ನಕ್ಕಳು, ಸದ್ದಿಲ್ಲದೆ, ಭುಜದಲ್ಲಿ.

ಸುಮ್ಮನಿರುವವಳ ಜೊತೆ ಒಂದು ಹಗಲು ಕಳೆದರೆ
ನಮ್ಮ ಮಾತು ನಮಗೇ ಕೇಳತೊಡಗುತ್ತದೆ.
ಹೊಸ ಬಾಡಿಗೆ ಮನೆಯ ಸುದ್ದಿ ಎತ್ತಿದ ನಂಜುಂಡಿ
ನೀರು, ಅಡ್ವಾನ್ಸು, ಮೆಟ್ಟಿಲು ಎನ್ನುತ್ತ ಎನ್ನುತ್ತ
ಅವಳ ಕಡೆಗೇ ತಿರುಗಿ, ಎಣಿಸದೇ ಇದ್ದದ್ದನ್ನೂ ಅಂದುಬಿಟ್ಟ:
ಇವತ್ತಾದ ಮೇಲೆ ಡ್ರಮ್ಮು ಮಾರುತ್ತೇನೆ.
ಮಗು ಬರೋದಿದೆ. ಗೋಡೆ ತೆಳ್ಳಗಿದೆ.
ಡೆನ್ಸಿಲ್ ತಂತಿ ಬಿಗಿಯುವುದನ್ನು ನಿಲ್ಲಿಸಲಿಲ್ಲ.
ಅವಳು ಟಿಕೆಟ್ಟು ಹುಡುಕಿದಳು. ಪೆನ್ನು ಹುಡುಕಿದಳು.
ಬರೆಯಲಿಲ್ಲ.
ಕಲ್ಲುಸಕ್ಕರೆಯ ಪೊಟ್ಟಣ ಅವನತ್ತ ಸರಿಸಿದಳು.

ಬಾಗಿಲಿಗೆ ನಾನು. ಸಂಗೀತಕ್ಕೆ ನನ್ನ ಸೇವೆ
ಸೊಸೈಟಿ ಆಫೀಸಿನಿಂದ ಹೇಳದೆ ತಂದ ರಬ್ಬರ್ ಸ್ಟ್ಯಾಂಪು:
ಒಳಗೆ ಹೋಗುವವರ ಮಣಿಕಟ್ಟಿಗೆಲ್ಲ ನೇರಳೆಯಲ್ಲಿ
ಪಾವತಿಯಾಗಿದೆ, ಪಾವತಿಯಾಗಿದೆ.
ಕಾಲೇಜು ಹುಡುಗಿಯರು,
ಜುಲೇಖಾ ಕೆಲಸಕ್ಕಿರುವ ಕನ್ನಡಕದಂಗಡಿಯ ಮಾಲೀಕ, ಹೆಂಡತಿ ಸಮೇತ,
ಹೆಲ್ಮೆಟ್ ಎಲ್ಲಿಡಲಿ ಎಂದು ಐದು ಸಲ ಕೇಳಿದ ಹುಡುಗ.
ಆರೂ ಇಪ್ಪತ್ತೈದಕ್ಕೆ, ಇಸ್ತ್ರಿ ಮುರಿಯದ ಶರಟಿನಲ್ಲಿ, ಖಲೀಲ್ ಸಾಬರು.
'ಬೆಸುಗೆ ನಿಲ್ಲುತ್ತೋ ಇಲ್ಲವೋ ನೋಡೋಣ ಅಂತ' ಎಂದು
ಸ್ಟ್ಯಾಂಪಿಗೆ ಕೈ ಚಾಚಿದರು.

ಬಾಗಿಲು ಹಾಕಿದೆ. ಬೀದಿಯ ಈರುಳ್ಳಿ ಲಾರಿ ಹೊರಗುಳಿಯಿತು,
ಪೂರ್ತಿ ಅಲ್ಲ.
ಮೂವತ್ತೊಂಬತ್ತು ಜನ. ಯಾರದೋ ಕೆಮ್ಮು. ಆಮೇಲೆ ಅದೂ ಇಲ್ಲ.
ನಂಜುಂಡಿ ಕಡ್ಡಿ ಎತ್ತಿಕೊಂಡು ತಲೆ ತಗ್ಗಿಸಿದ.
ಅವಳು ಮೈಕಿನ ಹತ್ತಿರ ಬಂದಳು,
ಹಗಲಿಡೀ ಮುಚ್ಚಿಟ್ಟ ಬಾಯಿ ತೆರೆದಳು,
ಹಾಡಲಿಲ್ಲ ಇನ್ನೂ, ಹಿಂದಕ್ಕೆ ತಿರುಗಿ,
'ಇಲ್ಲಿ ಗೋಡೆ ದಪ್ಪಗಿದೆ ನಂಜುಂಡಿ,' ಎಂದಳು,
'ಬಾರಿಸು.'