ಮೂರು ಗೀಟು

ಮಾಲಿಂ ಜೆಟ್ಟಿಯ ಹಿಂದಿನ ಓಣಿ, ಗುರುದಾಸನ ಅಂಗಡಿ.
ಬಾಗಿಲಿಗೆ ನೈಲಾನ್ ಹಗ್ಗದ ಸುರುಳಿ,
ಒಳಗೆ ಗಾಜಿನ ಕಪಾಟು, ಕಪಾಟಿನ ಮೇಲೆ
ಐದು ಮಷೀನು, ಐದರಲ್ಲೂ ಮೀನು.

ಒಂದು ಹನಿ ನೀರಿಲ್ಲ ಆ ಅಂಗಡಿಯಲ್ಲಿ.
ಗುರುದಾಸ ಕುಡಿಯುವ ಬಾಟಲಿಯೂ ಖಾಲಿ.
ಪರದೆಯಲ್ಲಿ ಮಾತ್ರ ನೀಲಿ ತುಂಬಿ ಹರಿದು
ದಪ್ಪ ಮೀನು, ಮರಿ ಮೀನು,
ಪ್ರತಿ ಮೀನಿನ ಬೆನ್ನ ಮೇಲೆ ಆಳದ ಅಂಕಿ.
"ನೋಡು ಮೊಗೇರಬಾಬ್, ಎಷ್ಟು ಸ್ಪಷ್ಟ!"

ಕಾಯ್ತಾನ್ ಕೈ ಕಟ್ಟಿ ನಿಂತಿದ್ದ.
ದೋಣಿಯಲ್ಲಿ ಅರ್ಧ ಅವನದು, ಅರ್ಧ ನನ್ನದು,
ಇಂಜಿನ್ನಿನ ಸಾಲ ಪೂರ್ತಿ ಇಬ್ಬರದೂ.
ಹನ್ನೊಂದು ವರ್ಷದಲ್ಲಿ ನನ್ನ ಕನ್ನಡ
ಅವನಿಗೆ ಹತ್ತಿದ್ದು ಬೈಗುಳದಷ್ಟು,
ಅವನ ಕೊಂಕಣಿ ನನಗೆ, ಲೆಕ್ಕ ಕೇಳುವಷ್ಟು.
ಅವನು ಕೇಳಿದ್ದು ಒಂದೇ:
"ಈ ಮೀನು ಯಾವ ಕಡಲದ್ದು?"

ಡೆಮೊ ಅಂದ ಗುರುದಾಸ, ನಕ್ಕು.
ಕಂಪನಿಯವರೇ ಒಳಗೆ ತುಂಬಿ ಕಳಿಸಿದ ಮೀನು.

"ಆರಿಸು ಅದನ್ನ."

ಹೋದ ವರ್ಷ ಯಾರದೋ ಹಳೆಯದು ತಂದು
ಕೋಟೆಯ ಕೆಳಗೆ ಬಲೆ ಬಿಟ್ಟಿದ್ದೆವು.
ಅದಕ್ಕೆ ನೊರೆಯೂ ಮೀನು, ಪಾಚಿಯೂ ಮೀನು,
ನಮ್ಮದೇ ಫ್ಯಾನು ಕಡೆದ ಗುಳ್ಳೆ ತಾರಲೆಯ ಹಿಂಡು.
ಎಳೆದಾಗ ಬಂದದ್ದು ಲೋಳೆಮೀನು, ಒಂದು ಚಪ್ಪಲಿ.
ತುರಿಕೆ ಮೂರು ದಿನ ಇತ್ತು.

ಒಂದೊಂದಾಗಿ ಆರಿಸಿದ ಗುರುದಾಸ.
ಒಂದಕ್ಕೆ ಡೆಮೊ ಬಿಟ್ಟರೆ ಬದುಕೇ ಇಲ್ಲ, ಕಪ್ಪಾಯಿತು.
ಇನ್ನೊಂದು, ಸೆನ್ಸರ್ ಗಾಳಿಯಲ್ಲಿ ತೂಗುತ್ತಿರುವಾಗಲೇ
ಮೇಜಿನ ಕೆಳಗೆ ಹದಿನಾರು ಮೀಟರ್ ಆಳ ಅಂದಿತು,
ಎರಡು ಬಂಗುಡೆಯನ್ನೂ ತೋರಿಸಿತು.
ಮೂಲೆಯದು, ಬಣ್ಣ ಕಡಿಮೆ, ಗುಂಡಿ ದಪ್ಪ,
ತುಸು ಹೊತ್ತು ತಡವರಿಸಿ
ಪರದೆಯ ಮೇಲೆ ಎಳೆಯಿತು ಮೂರು ಗೀಟು.
ಗೊತ್ತಿಲ್ಲ, ಅಂತ.

ಕಾಯ್ತಾನ್ ಕಟ್ಟಿದ ಕೈ ಬಿಚ್ಚಿದ.

ಉಳಿದದ್ದು ನಾನು ಕೇಳಿದೆ.
ಇಂಜಿನ್ ಶುರು ಮಾಡಿದಾಗ ಬ್ಯಾಟರಿ ಕುಸಿದರೆ ಸಾಯುತ್ತದೋ,
ಹುರುಪೆ ಅಂಟಿದ ಹೆಬ್ಬೆರಳಿಗೆ ಗುಂಡಿ ಸಿಗುತ್ತದೋ,
ಮಧ್ಯಾಹ್ನದ ಬಿಸಿಲಲ್ಲಿ ಮುಖ ಕಾಣುತ್ತದೋ
ಇಲ್ಲಾ ನನ್ನ ಮುಖವೇ ಕಾಣುತ್ತದೋ,
ಉಪ್ಪು ವೈರಿನ ಬಾಯಿಗೆ ಹೊಕ್ಕರೆ ಯಾರ ಹತ್ತಿರ ಹೋಗಲಿ.
"ನನ್ನ ಹತ್ತಿರವೇ" ಅಂದ, ರಸೀದಿ ಹಿಂದೆ ಬರೆದೂ ಕೊಟ್ಟ.
ಹದಿನೆಂಟು ಸಾವಿರಕ್ಕೆ ನೂರು ಬಿಡಲಿಲ್ಲ.

ಶಾಪೊರಾ ಅಳಿವೆಯಲ್ಲಿ ಪರೀಕ್ಷೆ.
ಕಾಯ್ತಾನ್ ಹಲಗೆಯಡಿಯಿಂದ ತೆಗೆದ
ಅಪ್ಪನ ಕಾಲದ ಸೀಸದ ಗುಂಡು,
ಅಡಿಯ ಕುಳಿಗೆ ಸೋಪು ಮೆತ್ತಿ ಇಳಿಬಿಟ್ಟ.
ಎರಡೂವರೆ ಮಾರು. ಸೋಪಿಗೆ ಕಪ್ಪು ಕೆಸರು.
ಪರದೆ: ನಾಲ್ಕು ಮೀಟರ್ ಚಿಲ್ಲರೆ, ಮಸುಕು ತಳ.
ತುಸು ಮುಂದೆ, ನಮಗಿಬ್ಬರಿಗೇ ಗೊತ್ತಿದ್ದ ಬಂಡೆ.
ಸೋಪು ಜಜ್ಜಿ ಬಂತು. ಪರದೆ ಗಟ್ಟಿ ಕೆಂಪಾಯಿತು.
ಇಬ್ಬರೂ ಮಾತಾಡಲಿಲ್ಲ.
ಅಪರಿಚಿತನ ಬಾಯಲ್ಲಿ ಮನೆಯ ಗುಟ್ಟು ಕೇಳಿದ ಹಾಗೆ.

ಮೊದಲ ರಾತ್ರಿ ಹೊರಕಡಲು.
ತಳದ ಗೆರೆ ಏರಿತು, ಇಳಿಯಿತು, ನಡುವಿನ ನೀರು ಬೋಳು.
ಹುಬ್ಬಿನಂಥ ಒಂದು ಬಾಗು ಕೂಡ ಇಲ್ಲ.
ಬಲೆ ಬಿಡೋಣ ಅಂದೆ, ಅಭ್ಯಾಸ.
ಕಾಯ್ತಾನ್ ಪರದೆ ನೋಡಿದ, ನನ್ನ ನೋಡಿದ,
ದೋಣಿ ತಿರುಗಿಸಿದ.
ಪಕ್ಕದ ದೋಣಿಗಳು ಬಿಟ್ಟವು, ಎಳೆದವು,
ನಮಗಿಂತ ಮೂರು ತಾಸು ತಡವಾಗಿ ಬಂದವು,
ಅಷ್ಟೇ ಹಗುರ.

ದಂಡೆಯಲ್ಲಿ ಬುಟ್ಟಿ ಹಿಡಿದು ಎಫಿಜೆನಿಯಾ:
"ಎಷ್ಟು ಬಂತು, ಅಷ್ಟು ದುಡ್ಡು ನುಂಗಿದ ಮಷೀನಿಗೆ?"
"ಏನೂ ಇಲ್ಲ" ಅಂದ ಅವಳ ಗಂಡ,
"ಅದು ಹೇಳಿದಷ್ಟೇ."
ಅವಳು ಬುಟ್ಟಿ ಬೋರಲು ಹಾಕಿ ಅದರ ಮೇಲೇ ಕೂತಳು,
ನಗಲೋ ಬೈಯಲೋ ತಿಳಿಯದೆ.

ಆಮೇಲೆ ಮೀನೂ ಬಂತು, ಅದು ಬೇರೆ ಲೆಕ್ಕ.
ಸೀಸದ ಗುಂಡು ಇನ್ನೂ ಹಲಗೆಯಡಿಯಲ್ಲಿದೆ.
ಬೇಡ ಅಂತ ಅವನೇ ಹೇಳಿದ್ದ.
ಮೊನ್ನೆ ಹಗ್ಗ ಹುಡುಕುವಾಗ ಕೈಗೆ ತಾಗಿತು,
ತಿರುಗಿಸಿ ನೋಡಿದೆ:
ಕುಳಿಯಲ್ಲಿ ಹೊಸ ಸೋಪು.